ಹತ್ತಿಯ ಸುಗ್ಗಿಯೂ ಡಿಸೆಂಬರಿನ ಪರೀಕ್ಷೆಯೂ

ಆದೋನಿಯ ಮಾರ್ಕೆಟ್ ಯಾರ್ಡಿಗೆ ಹೊಸ ಹತ್ತಿ ಬರತೊಡಗಿ ಜಿನ್ನಿಂಗ್ ಮಿಲ್ಲುಗಳು ಹಗಲಿರುಳು ಓಡುವ ದಿನಗಳೇ ನಮ್ಮ ಸರ್ಕಾರಿ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಪರೀಕ್ಷೆಯ ದಿನಗಳೂ ಆಗಿವೆ. ಕೋಸಿಗಿ, ಕೌತಾಳಂ, ಪೆದ್ದಕಡಬೂರು, ಹೊಳಗುಂದ, ಆಲೂರು, ಹಾಲಹರವಿ ಕಡೆಯ ಹಳ್ಳಿಗಳಿಂದ ದಸರೆ ಕಳೆದ ಮೇಲೆ ಸಂಸಾರಗಳು ಮೂಟೆ ಕಟ್ಟಿಕೊಂಡು ಸುಗ್ಗಿಗೆ ಹೊರಡುತ್ತವೆ. ಕೆಲವರು ಗುಂಟೂರಿನ ಕಡೆಗೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು, ಕೆಲವರು ತೆಲಂಗಾಣಕ್ಕೆ, ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಹೋಗುವವರ ಜೊತೆ ಹದಿಮೂರು ವರ್ಷದ ಮಗಳೂ ಹೋಗುತ್ತಾಳೆ. ಆಕೆಯ ಹಾಜರಿ ಪುಸ್ತಕದಲ್ಲಿ ಅಲ್ಲಿಂದ ಮುಂದೆ ಬರೀ ಗೈರುಹಾಜರಿಯ ಗುರುತು. ಡಿಸೆಂಬರ್ ಮೊದಲ ವಾರದಲ್ಲಿ ಪರೀಕ್ಷೆ ನಡೆಯುವಾಗ ಆಕೆ ಯಾವ ಹೊಲದಲ್ಲಿದ್ದಾಳೆಂಬುದು ಮುಖ್ಯೋಪಾಧ್ಯಾಯರಿಗೂ ತಿಳಿದಿರುವುದಿಲ್ಲ.

ಈ ಸಂಚಿಕೆಯಲ್ಲಿ ನಾವು ಹೇಳಬೇಕೆಂದಿರುವುದು ಆ ಪರೀಕ್ಷೆಯ ವಿಷಯ. ಎನ್.ಎಂ.ಎಂ.ಎಸ್. ಎಂದು ಶಾಲೆಯವರು ಕರೆಯುವ ರಾಷ್ಟ್ರೀಯ ಆದಾಯ ಮತ್ತು ಪ್ರತಿಭಾ ವಿದ್ಯಾರ್ಥಿವೇತನವನ್ನು ಕೇಂದ್ರ ಸರ್ಕಾರವು 2008ರಲ್ಲಿ ಆರಂಭಿಸಿತು. ಬಡವರ ಮಕ್ಕಳು ಎಂಟನೆಯ ತರಗತಿಗೇ ಶಾಲೆ ಬಿಟ್ಟುಬಿಡುತ್ತಾರೆ, ಅವರನ್ನು ಹನ್ನೆರಡನೆಯ ತರಗತಿಯವರೆಗೆ ನಿಲ್ಲಿಸಬೇಕು ಎಂಬುದು ಇದರ ಉದ್ದೇಶ. ಮೊದಲು ವರ್ಷಕ್ಕೆ 6,000 ರೂಪಾಯಿ ಇತ್ತು. 2017ರಿಂದ 12,000 ಆಯಿತು. ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ನಾಲ್ಕು ವರ್ಷ, ಒಟ್ಟು 48,000 ರೂಪಾಯಿ. ತಂದೆತಾಯಿಗಳ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ಮೀರಿರಬಾರದು. ಸರ್ಕಾರಿ ಶಾಲೆ, ಪಂಚಾಯತಿ ಅಥವಾ ಮುನಿಸಿಪಾಲಿಟಿ ಶಾಲೆ, ಅನುದಾನಿತ ಶಾಲೆ ಇವುಗಳಲ್ಲಿ ಓದುವ ಮಕ್ಕಳಿಗೆ ಮಾತ್ರ ಇದು ಸಲ್ಲುತ್ತದೆ. ದೇಶಕ್ಕೆಲ್ಲ ವರ್ಷಕ್ಕೆ ಒಂದು ಲಕ್ಷ ವೇತನಗಳು. ಅದರಲ್ಲಿ ಆಂಧ್ರಪ್ರದೇಶದ ಪಾಲು 4,087. ಅದನ್ನು ಜಿಲ್ಲೆಗಳಿಗೆ ಹಂಚಿ, ಪ್ರತಿ ಜಿಲ್ಲೆಯಲ್ಲೂ ಅಂಕಗಳ ಪ್ರಕಾರ ಪಟ್ಟಿ ಮಾಡುತ್ತಾರೆ.

ಇಂಥ ಪೈಪೋಟಿ ನಮ್ಮ ದೇಶಕ್ಕೆ ಹೊಸದಲ್ಲ. 1963ರಲ್ಲಿ ದೆಹಲಿಯಲ್ಲಿ ವಿಜ್ಞಾನ ಪ್ರತಿಭಾ ಶೋಧನೆ ಎಂಬ ಹೆಸರಿನಲ್ಲಿ ಒಂದು ಪರೀಕ್ಷೆ ಹುಟ್ಟಿತು. ಮರುವರ್ಷ ದೇಶಕ್ಕೆಲ್ಲ ಹಬ್ಬಿತು. 1976ರಲ್ಲಿ ಇತರ ವಿಷಯಗಳನ್ನೂ ಸೇರಿಸಿಕೊಂಡು ರಾಷ್ಟ್ರೀಯ ಪ್ರತಿಭಾ ಶೋಧನೆ ಆಯಿತು. ಅಲ್ಲಿ ಗೆದ್ದವರಲ್ಲಿ ಹಮಾಲಿಯ ಮಕ್ಕಳು ಎಷ್ಟು ಮಂದಿ ಎಂದು ಯಾರೂ ಕೇಳುತ್ತಿರಲಿಲ್ಲ, ಏಕೆಂದರೆ ಅದು ಆದಾಯ ನೋಡುವ ಪರೀಕ್ಷೆಯಲ್ಲ. 2021ರ ಮಾರ್ಚಿಗೆ ಅದರ ಅವಧಿ ಮುಗಿದು ನಿಂತುಹೋಯಿತು. ಹಾಗಾಗಿ ನಮ್ಮಂಥವರ ಮಕ್ಕಳಿಗೆಂದೇ ಇಟ್ಟಿರುವ ಪರೀಕ್ಷೆಯನ್ನು ನಾವು ಕೈಬಿಡುವುದು ಸರಿಯಲ್ಲ.

ಆದರೆ ಸುಗ್ಗಿಯ ಲೆಕ್ಕವೇ ಬೇರೆ. ಮೇಸ್ತ್ರಿ ಮುಂಗಡ ಕೊಡುವಾಗ ಮನೆಯಿಂದ ಎಷ್ಟು ಕೈ ಬರುತ್ತವೆ ಎಂದು ಕೇಳುತ್ತಾನೆ. ಹತ್ತಿ ಬಿಡಿಸಿದ್ದಕ್ಕೆ ಕೂಲಿ ಕಿಲೋ ಲೆಕ್ಕ. ಮಗಳ ಎರಡು ಕೈಗಳು ಸೇರಿದರೆ ಸಂಜೆ ತೂಕದಲ್ಲಿ ಅಷ್ಟು ಕಿಲೋ ಹೆಚ್ಚು. ಇನ್ನೊಂದು ಕಡೆ ಈ ವೇತನವನ್ನು ದಿನಕ್ಕೆ ಭಾಗಿಸಿ ನೋಡಿ: ಮುನ್ನೂರ ಅರವತ್ತೈದು ದಿನಕ್ಕೆ 12,000 ಎಂದರೆ ದಿನಕ್ಕೆ ಮೂವತ್ತೆರಡು ರೂಪಾಯಿ ಚಿಲ್ಲರೆ. ಅದೂ ಗೆದ್ದರೆ, ಅದೂ ಬರುವ ವರ್ಷ. ಸಾಲದ ಬಾಗಿಲಲ್ಲಿ ನಿಂತ ತಂದೆಗೆ ಇವತ್ತಿನ ಮುಂಗಡ ಕಾಣುತ್ತದೆ, ಬರುವ ವರ್ಷದ ವೇತನ ಕಾಣುವುದಿಲ್ಲ. ಇದನ್ನು ಅಜ್ಞಾನ ಎಂದು ಬೈಯುವವರು ಒಮ್ಮೆ ಆ ಬಾಗಿಲಲ್ಲಿ ನಿಂತು ನೋಡಬೇಕು. ಹದಿನಾಲ್ಕು ತುಂಬದ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದೆಂದು 2016ರ ತಿದ್ದುಪಡಿಯಾದ ಮೇಲೆ ಕಾನೂನು ಖಂಡಿತವಾಗಿ ಹೇಳುತ್ತದೆ. ಆದರೆ ಕಾನೂನು ಗುಂಟೂರಿನ ಹೊಲದ ಬದುವಿನವರೆಗೆ ನಡೆದುಹೋಗುವುದು ಅಪರೂಪ.

ಆದ್ದರಿಂದ ಮೊದಲ ಮಾತು: ಎಂಟನೆಯ ತರಗತಿಯ ಮಗುವನ್ನು ಆ ಒಂದು ವರ್ಷವಾದರೂ ಸುಗ್ಗಿಗೆ ಕರೆದೊಯ್ಯಬೇಡಿ. ಅಜ್ಜಿಯ ಹತ್ತಿರ ಬಿಡಿ, ಚಿಕ್ಕಮ್ಮನ ಹತ್ತಿರ ಬಿಡಿ. ವಲಸೆ ಹೋಗುವವರ ಮಕ್ಕಳಿಗಾಗಿ ಸಮಗ್ರ ಶಿಕ್ಷಣದವರು ನಮ್ಮ ಪಶ್ಚಿಮದ ಮಂಡಲಗಳಲ್ಲಿ ಸೀಸನಲ್ ಹಾಸ್ಟೆಲುಗಳನ್ನು ನಡೆಸಿದ್ದುಂಟು. ನಿಮ್ಮ ಊರಿನಲ್ಲಿ ಅದು ತೆರೆಯುತ್ತದೆಯೋ ಇಲ್ಲವೋ ಎಂದು ದಸರೆಗೆ ಮುಂಚೆಯೇ ಶಾಲೆಯಲ್ಲಿ ಕೇಳಬೇಕು, ತೆರೆಯದಿದ್ದರೆ ಹತ್ತು ಜನ ಸೇರಿ ಮಂಡಲದ ಶಿಕ್ಷಣಾಧಿಕಾರಿಯ ಬಳಿ ಹೋಗಬೇಕು. ಒಬ್ಬ ತಾಯಿ ಹೋದರೆ ನಾಳೆ ಬಾ ಎನ್ನುತ್ತಾರೆ. ಯೂನಿಯನ್ನಿನ ಹತ್ತು ಜನ ಹೋದರೆ ಕುರ್ಚಿ ಹಾಕುತ್ತಾರೆ. ಮೇಸ್ತ್ರಿಯ ಜೊತೆ ಮಾತನಾಡುವಾಗಲೂ ಮಗುವಿನ ಕೈಗಳನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಮೊದಲೇ ಹೇಳಿಬಿಡಬೇಕು. ಮುಂಗಡ ತೆಗೆದುಕೊಂಡ ಮೇಲೆ ಆ ಮಾತಿಗೆ ಬೆಲೆಯಿಲ್ಲ.

ಇಲ್ಲೊಂದು ತೊಡಕು ಇದೆ. ಸರ್ಕಾರದ ವಸತಿ ಶಾಲೆಗಳಲ್ಲಿ, ಅಂದರೆ ಗುರುಕುಲಗಳು, ಕಸ್ತೂರಬಾ ಶಾಲೆಗಳು, ನವೋದಯ ಮುಂತಾದವುಗಳಲ್ಲಿ ಓದುವ ಮಕ್ಕಳಿಗೆ ಈ ವೇತನ ಇಲ್ಲ. ಅವರ ಊಟ ವಸತಿಯ ಖರ್ಚನ್ನು ಸರ್ಕಾರವೇ ಹೊತ್ತಿದೆ ಎಂಬುದು ಕಾರಣ. ಆ ಕಾರಣವನ್ನು ಒಪ್ಪಬಹುದು. ಆದರೂ ಸುಗ್ಗಿಗೆ ಹೋಗುವ ಸಂಸಾರ ಮಗಳನ್ನು ಕಸ್ತೂರಬಾ ಶಾಲೆಗೆ ಸೇರಿಸಿದ್ದರೆ, ಅದನ್ನು ಬಿಡಿಸಿ ಈ ವೇತನದ ಆಸೆಗೆ ಊರ ಶಾಲೆಗೆ ತರುವ ಹುಚ್ಚು ಕೆಲಸ ಮಾಡಬೇಡಿ. ಮೂರು ಹೊತ್ತಿನ ಊಟ, ರಾತ್ರಿಯ ದೀಪ, ಓದುವ ಜಾಗ ಇವು 12,000ಕ್ಕಿಂತ ದೊಡ್ಡವು.

ಇನ್ನು ಪರೀಕ್ಷೆ. ಎರಡು ಭಾಗ, ಒಂದೊಂದಕ್ಕೆ ತೊಂಬತ್ತು ಪ್ರಶ್ನೆ, ತೊಂಬತ್ತು ಅಂಕ, ತೊಂಬತ್ತು ನಿಮಿಷ. ಒಂದು ಬುದ್ಧಿಶಕ್ತಿಯ ಭಾಗ, ಇನ್ನೊಂದು ಪಾಠಗಳ ಭಾಗ. ಪಾಠಗಳ ಭಾಗದಲ್ಲಿ ವಿಜ್ಞಾನಕ್ಕೆ 35, ಸಮಾಜಕ್ಕೆ 35, ಗಣಿತಕ್ಕೆ 20. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ವೃತ್ತ ತುಂಬಬೇಕು. ತಪ್ಪಾದರೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಒಂದು ವೃತ್ತವನ್ನೂ ಖಾಲಿ ಬಿಡಬಾರದು. ಇಷ್ಟು ಸಣ್ಣ ಸಂಗತಿಯನ್ನು ಹೇಳುವವರಿಲ್ಲದೆ ಎಷ್ಟೋ ಮಕ್ಕಳು ಗೊತ್ತಿಲ್ಲದ ಪ್ರಶ್ನೆಯನ್ನು ಮರ್ಯಾದೆಯಿಂದ ಬಿಟ್ಟು ಬರುತ್ತಾರೆ.

ಬುದ್ಧಿಶಕ್ತಿಯ ಭಾಗವೇ ನಮ್ಮ ಮಕ್ಕಳನ್ನು ಹೆದರಿಸುವುದು. 3, 6, 11, 18, 27, ಮುಂದೇನು ಎಂದು ಕೇಳುತ್ತಾರೆ. ನಡುವಿನ ಅಂತರ ಮೂರು, ಐದು, ಏಳು, ಒಂಬತ್ತು ಎಂದು ಕಂಡುಕೊಂಡರೆ ಹನ್ನೊಂದು ಕೂಡಿಸಿ 38 ಎನ್ನಬಹುದು. ಇದರಲ್ಲಿ ಮಹಾವಿದ್ಯೆಯೇನೂ ಇಲ್ಲ. ತಾಯಿ ಬಿಡಿಸಿದ ಹತ್ತಿಯ ಕಿಲೋ, ಮೇಸ್ತ್ರಿ ಹಿಡಿದ ಕಡಿತ, ಮುಂಗಡದಲ್ಲಿ ಉಳಿದ ಬಾಕಿ ಇಷ್ಟನ್ನೂ ಬಾಯಲ್ಲೇ ಕೂಡಿ ಕಳೆದು ಹೇಳುವ ಹುಡುಗಿಯರು ನಮ್ಮ ಕೇರಿಗಳಲ್ಲಿದ್ದಾರೆ. ಅವರಿಗೆ ಬುದ್ಧಿ ಕಡಿಮೆಯಲ್ಲ, ಆ ಪ್ರಶ್ನೆಯ ವೇಷ ಹೊಸದು. ಪಟ್ಟಣದ ಮಗುವಿಗೆ ಟ್ಯೂಷನ್ನಿನವರು ಆ ವೇಷವನ್ನು ನೂರು ಸಲ ತೋರಿಸಿರುತ್ತಾರೆ. ನಮ್ಮ ಮಗು ಅದನ್ನು ಮೊದಲ ಸಲ ನೋಡುವುದು ಪರೀಕ್ಷೆಯ ಕೋಣೆಯಲ್ಲಿ. ಆಮೇಲೆ ಬಂದ ಅಂಕಕ್ಕೆ ಪ್ರತಿಭೆ ಎಂದು ಹೆಸರಿಡುತ್ತಾರೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ತಂದು, ಗಡಿಯಾರ ಇಟ್ಟುಕೊಂಡು, ಹತ್ತು ಭಾನುವಾರ ಪೂಜೆಯ ನಂತರ ಒಂದೂವರೆ ಗಂಟೆ ಕೂರಿಸಿದರೆ ಈ ವ್ಯತ್ಯಾಸದಲ್ಲಿ ಅರ್ಧ ಕರಗುತ್ತದೆ. ಅದಕ್ಕೆ ಬಿ.ಎ. ಪಾಸಾದವರೇ ಬೇಕೆಂದಿಲ್ಲ. ಇಂಟರ್ ಓದುವ ಒಬ್ಬ ಅಣ್ಣ, ಒಬ್ಬ ಅಕ್ಕ ಸಾಕು.

ಕನ್ನಡ ಮಾಧ್ಯಮದ ಮಕ್ಕಳಿಗೆ ಮತ್ತೊಂದು ಹೊರೆಯಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಇತ್ತ ಬಂದವು, ಬಳ್ಳಾರಿ ಅತ್ತ ಹೋಯಿತು. ಗಡಿ ಗೀಚಿದವರು ಮಕ್ಕಳ ಪುಸ್ತಕದ ಅಂಗಡಿಯನ್ನು ಎಣಿಸಿರಲಿಲ್ಲ. ಇಲ್ಲಿಯ ಬಜಾರಿನಲ್ಲಿ ಈ ಪರೀಕ್ಷೆಯ ಗೈಡುಗಳು ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ ಸಿಗುತ್ತವೆ. ಕನ್ನಡದ್ದು ಬೇಕೆಂದರೆ ಅಂಗಡಿಯವನು ನಗುತ್ತಾನೆ. ಆದರೆ ಇದೇ ಪರೀಕ್ಷೆ ಕರ್ನಾಟಕದಲ್ಲೂ ನಡೆಯುತ್ತದೆ, ಅಲ್ಲಿಯ ಪಾಲು 5,534. ಅಲ್ಲಿಯೂ ತೊಂಬತ್ತು ತೊಂಬತ್ತರ ಲೆಕ್ಕವೇ. ಬಳ್ಳಾರಿಗೋ ಸಿರುಗುಪ್ಪಕ್ಕೋ ಹೋಗುವ ಬಂಧುಗಳು ಅಲ್ಲಿಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ತಂದುಕೊಟ್ಟರೆ ಬುದ್ಧಿಶಕ್ತಿಯ ಭಾಗಕ್ಕೆ ಅವು ಚೆನ್ನಾಗಿ ಒದಗುತ್ತವೆ. ಪಾಠಗಳ ಭಾಗಕ್ಕೆ ಮಾತ್ರ ನಮ್ಮ ರಾಜ್ಯದ ಪುಸ್ತಕವನ್ನೇ ಓದಬೇಕು. ಅರ್ಜಿಯಲ್ಲಿ ಮಾಧ್ಯಮದ ಕಾಲಂ ಇರುತ್ತದೆ. ಅದನ್ನು ತುಂಬುವಾಗ ಮಗುವನ್ನು ಕೇಳಿ ತುಂಬಿಸಿ. ಕಂಪ್ಯೂಟರ್ ಮುಂದೆ ಕೂತವರ ಆತುರಕ್ಕೆ ಬಿಡಬೇಡಿ.

ಅರ್ಜಿಯ ವಿಷಯವೂ ಹೇಳಬೇಕು. ಇದು ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ನಡೆಯುವ ಕೆಲಸ. ಶಾಲೆಯವರೇ ಆನ್‌ಲೈನಿನಲ್ಲಿ ಹಾಕುತ್ತಾರೆ. ಶುಲ್ಕ 100 ರೂಪಾಯಿ, ಎಸ್.ಸಿ., ಎಸ್.ಟಿ. ಮಕ್ಕಳಿಗೆ 50. ತಹಸೀಲ್ದಾರರ ವರಮಾನ ಪತ್ರ ಬೇಕು, ಅದಕ್ಕೆ ಗ್ರಾಮ ಸಚಿವಾಲಯಕ್ಕೆ ಅಲೆಯಬೇಕು. ಆಗಸ್ಟಿನಲ್ಲಿ ಅಲೆದರೆ ಸುಗ್ಗಿಗೆ ಮುಂಚೆ ಮುಗಿಯುತ್ತದೆ.

ಅದಕ್ಕಿಂತ ದೊಡ್ಡ ಕಂಟಕ ಹೆಸರಿನದು. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ಬ್ಯಾಂಕಿನ ಪುಸ್ತಕದಲ್ಲಿ ಮತ್ತೊಂದು. ನಮ್ಮ ಜನರಲ್ಲಿ ಇದು ಹೆಚ್ಚು, ಯಾಕೆಂದರೆ ನಮ್ಮಲ್ಲಿ ಜ್ಞಾನಸ್ನಾನದ ಹೆಸರು ಬೇರೆ ಇರುತ್ತದೆ. ಮನೆಯಲ್ಲಿ ಲಕ್ಷ್ಮಿ, ದೇವಾಲಯದ ರಿಜಿಸ್ಟರಿನಲ್ಲಿ ಮರಿಯಮ್ಮ, ಆಧಾರಿನಲ್ಲಿ ಎರಡೂ ಸೇರಿದ ಮೂರನೆಯದು. ದೇವರು ಎಲ್ಲ ಹೆಸರಿನಿಂದ ಕರೆದರೂ ಗುರುತಿಸುತ್ತಾನೆ, ಸ್ಕಾಲರ್‌ಶಿಪ್ ಪೋರ್ಟಲ್ ಗುರುತಿಸುವುದಿಲ್ಲ. ಮಗು ಆರನೆಯ ತರಗತಿಯಲ್ಲಿರುವಾಗಲೇ ಈ ಮೂರು ಕಾಗದಗಳನ್ನು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ ಸರಿಪಡಿಸಿಕೊಳ್ಳಿ.

ಜಾತಿಯ ಕಾಲಂ ಬಗ್ಗೆ ನಮ್ಮ ಪತ್ರಿಕೆ ಮೌನವಾಗಿದ್ದರೆ ಅದು ಹೇಡಿತನವಾದೀತು. 1950ರ ರಾಷ್ಟ್ರಪತಿಗಳ ಆಜ್ಞೆಯ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಕೊಟ್ಟರು, ಕ್ರೈಸ್ತರಿಗೆ ಕೊಟ್ಟಿಲ್ಲ. ಆಂಧ್ರದಲ್ಲಿ ನಾವು ಬಿ.ಸಿ.-ಸಿ. ಗುಂಪಿನವರು. ಈ ಪರೀಕ್ಷೆಯಲ್ಲಿ ಅದರ ಫಲವೇನು? ಎರಡೂ ಭಾಗ ಸೇರಿ 180 ಅಂಕಗಳಲ್ಲಿ ಸಾಮಾನ್ಯರಿಗೂ ಬಿ.ಸಿ.ಗಳಿಗೂ ನೂರಕ್ಕೆ ನಲವತ್ತು ಬೇಕು, ಎಂದರೆ 72. ಎಸ್.ಸಿ., ಎಸ್.ಟಿ. ಮಕ್ಕಳಿಗೆ ನೂರಕ್ಕೆ ಮೂವತ್ತೆರಡು ಸಾಕು, ಎಂದರೆ 58. ಏಳನೆಯ ತರಗತಿಯ ಅಂಕದಲ್ಲೂ ಹಾಗೆಯೇ, ಒಬ್ಬರಿಗೆ 55, ಇನ್ನೊಬ್ಬರಿಗೆ 50. ಒಂದೇ ಕೇರಿ, ಒಂದೇ ಬೋರಿಂಗಿನ ನೀರು, ಒಂದೇ ಮಿಲ್ಲಿನಲ್ಲಿ ಒಂದೇ ಮೂಟೆಯ ಎರಡು ತುದಿ ಹಿಡಿದ ಇಬ್ಬರು ಅಣ್ಣತಮ್ಮಂದಿರು; ಒಬ್ಬನ ಮನೆಯಲ್ಲಿ ಶಿಲುಬೆಯಿದೆ ಎಂಬ ಕಾರಣಕ್ಕೆ ಅವನ ಮಗಳು ಹದಿನಾಲ್ಕು ಅಂಕ ಹೆಚ್ಚು ತರಬೇಕು. ಜ್ಞಾನಸ್ನಾನದ ನೀರು ಊರಿನವರ ಕಣ್ಣಿನಿಂದ ನಮ್ಮ ಜಾತಿಯನ್ನು ತೊಳೆದಿದ್ದರೆ ನಾವು ಈ ಮಾತನ್ನು ಎತ್ತುತ್ತಿರಲಿಲ್ಲ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗವು ಈ ಭೇದ ಹೋಗಬೇಕೆಂದು ಹೇಳಿತು. 2022ರಲ್ಲಿ ಬಾಲಕೃಷ್ಣನ್ ಆಯೋಗವನ್ನು ನೇಮಿಸಿದರು. 2023ರ ಮಾರ್ಚಿನಲ್ಲಿ ಆಂಧ್ರ ವಿಧಾನಸಭೆಯೇ ಕೇಂದ್ರವನ್ನು ಕೇಳಿಕೊಂಡು ನಿರ್ಣಯ ಮಾಡಿತು.

ಅಷ್ಟರವರೆಗೆ ಏನು ಮಾಡಬೇಕೆಂದು ತಾಯಂದಿರು ಕೇಳುತ್ತಾರೆ. ಮಗುವಿನ ಮೊದಲ ಅರ್ಜಿಯಲ್ಲೇ ಸುಳ್ಳು ಬರೆಸುವುದನ್ನು ನಾವು ಹೇಳಲಾರೆವು. ಬೇರೆ ದಾರಿ ಹಿಡಿದ ಬಂಧುಗಳ ಮೇಲೆ ಕಲ್ಲೆಸೆಯುವ ಕೆಲಸವನ್ನೂ ಮಾಡೆವು. ನಿಮ್ಮಲ್ಲಿರುವ ಪತ್ರ ಯಾವುದೋ ಅದರಂತೆ ಬರೆಯಿರಿ. ಬಿ.ಸಿ.-ಸಿ. ಪತ್ರವಿದ್ದವರು ಅದನ್ನು ನಾಚಿಕೆಯಿಲ್ಲದೆ ಲಗತ್ತಿಸಿ, 72ರ ಗುರಿ ಇಟ್ಟು ಮಗುವನ್ನು ಓದಿಸಿ. ಅರ್ಹತೆಯ ಗೆರೆ ದಾಟಿದರೆ ಗೆದ್ದಂತಲ್ಲ ಎಂಬುದೂ ನೆನಪಿರಲಿ. ಪಟ್ಟಿ ಅಂಕದ ಇಳಿಜಾರಿನಲ್ಲಿ ನಡೆಯುತ್ತದೆ. ಗುರಿ ನೂರರ ಮೇಲಿರುವುದು ಒಳ್ಳೆಯದು.

ಪರೀಕ್ಷೆ ಭಾನುವಾರ ಬರುತ್ತದೆ ಎಂದು ಕೆಲವರು ಹಿಂಜರಿಯುತ್ತಾರೆ. 2024ರಲ್ಲಿ ಡಿಸೆಂಬರ್ 8, 2025ರಲ್ಲಿ ಡಿಸೆಂಬರ್ 7, ಎರಡೂ ಆಗಮನ ಕಾಲದ ಎರಡನೆಯ ಭಾನುವಾರವೇ. ಸಬ್ಬತ್ ದಿನದಲ್ಲಿ ಬಾವಿಗೆ ಬಿದ್ದ ಎತ್ತನ್ನು ಯಾರು ಎತ್ತದೆ ಬಿಟ್ಟಾರು ಎಂದು ಪ್ರಭುವೇ ಕೇಳಿದ್ದುಂಟು. ಮಗು ಶನಿವಾರ ಸಂಜೆ ದೇವಾಲಯಕ್ಕೆ ಬಂದು ಹೋಗಲಿ, ಭಾನುವಾರ ಬೆಳಿಗ್ಗೆ ಪರೀಕ್ಷೆಯ ಕೇಂದ್ರಕ್ಕೆ ಹೋಗಲಿ. ಉಪದೇಶ ತರಗತಿಯ ಹಾಜರಿಯಲ್ಲಿ ಅಂದು ಗೈರು ಹಾಕುವುದಿಲ್ಲ.

ಗೆದ್ದ ಮೇಲೆ ಕಳೆದುಕೊಳ್ಳುವವರ ಸಂಗತಿ ಇನ್ನೂ ಬೇಸರದ್ದು. ಪಟ್ಟಿಯಲ್ಲಿ ಹೆಸರು ಬಂದರೆ ದುಡ್ಡು ಮನೆಗೆ ನಡೆದು ಬರುವುದಿಲ್ಲ. ರಾಷ್ಟ್ರೀಯ ಪೋರ್ಟಲ್ಲಿನಲ್ಲಿ ಹೊಸದಾಗಿ ನೋಂದಾಯಿಸಬೇಕು, ಶಾಲೆಯವರು ಒಪ್ಪಬೇಕು, ಜಿಲ್ಲೆಯವರು ಒಪ್ಪಬೇಕು. ಆಮೇಲೆ ಪ್ರತಿ ವರ್ಷ ನವೀಕರಣ. ಒಂಬತ್ತನ್ನು ಮೊದಲ ಸಲವೇ ದಾಟಬೇಕು. ಹತ್ತನೆಯ ತರಗತಿಯಲ್ಲಿ ನೂರಕ್ಕೆ ಅರವತ್ತು ಬೇಕು, ಎಸ್.ಸಿ., ಎಸ್.ಟಿ.ಗಳಿಗೆ ಐವತ್ತೈದು. ಎಲ್ಲಕ್ಕಿಂತ ಹೆಚ್ಚಾಗಿ, ಹತ್ತಾದ ಮೇಲೆ ಖಾಸಗಿ ಜೂನಿಯರ್ ಕಾಲೇಜಿಗೆ ಸೇರಿಸಿದ ದಿನವೇ ವೇತನ ನಿಲ್ಲುತ್ತದೆ. ಮಗಳು ಬುದ್ಧಿವಂತೆ ಎಂದು ಪರೀಕ್ಷೆಯೇ ಹೇಳಿತಲ್ಲ, ಆದ್ದರಿಂದ ಸಾಲ ಮಾಡಿ ದೊಡ್ಡ ಬೋರ್ಡಿನ ಕಾಲೇಜಿಗೆ ಸೇರಿಸೋಣ ಎನ್ನುವ ತಂದೆಗಳಿದ್ದಾರೆ. ವೇತನದ ಕೊನೆಯ ಎರಡು ವರ್ಷದ 24,000 ಬಿಟ್ಟು, ಅದಕ್ಕಿಂತ ದೊಡ್ಡ ಸಾಲ ತಲೆಯ ಮೇಲೆ ಹೊತ್ತು, ಮರುವರ್ಷ ಮತ್ತೆ ಸುಗ್ಗಿಗೆ. ಸೇರಿಸುವ ಮುಂಚೆ ಒಂದು ಮಾತು ಕೂಟದಲ್ಲಿ ಕೇಳಿ.

ಕೊನೆಯಲ್ಲಿ ಪ್ರತಿಭೆ ಎಂಬ ಮಾತಿನ ಬಗ್ಗೆ. ತಲಾಂತುಗಳ ಸಾಮ್ಯವನ್ನು ಬಹುಮಾನ ಹಂಚುವ ಸಭೆಗಳಲ್ಲಿ ಹೇಳುವುದು ರೂಢಿ. ಅದೇ ಸುವಾರ್ತೆಯಲ್ಲಿ ದ್ರಾಕ್ಷಾತೋಟದ ಕೂಲಿಗಳ ಸಾಮ್ಯವೂ ಇದೆ. ಸಂಜೆ ಐದಕ್ಕೆ ಬಂದವನಿಗೂ ದಿನದ ಕೂಲಿ ಪೂರ್ತಿ ಸಿಕ್ಕಿತು, ಏಕೆಂದರೆ ಅವನ ಮನೆಯಲ್ಲೂ ಹಸಿದವರಿದ್ದರು ಎಂದು ಕೂಲಿ ಮಾಡುವವರು ಅದನ್ನು ಓದಿಕೊಳ್ಳುತ್ತಾರೆ. 2025ರ ಜೂನ್‌ನಲ್ಲಿ ತಲ್ಲಿಕಿ ವಂದನಂ ಎಂದು ಶಾಲೆಗೆ ಹೋಗುವ ಪ್ರತಿ ಮಗುವಿನ ಲೆಕ್ಕದಲ್ಲಿ ತಾಯಿಯ ಖಾತೆಗೆ 13,000 ರೂಪಾಯಿ ಬಂತು. ಅದಕ್ಕೆ ಪೈಪೋಟಿಯಿಲ್ಲ. ಇಂಥದ್ದು ದ್ರಾಕ್ಷಾತೋಟದ ಕೂಲಿಗೆ ಹತ್ತಿರ. ಪರೀಕ್ಷೆಯ ವೇತನವೋ, ಸಾವಿರ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ ಮೊದಲ ಕೆಲವರಿಗೆ ಕೊಟ್ಟು ಉಳಿದವರಿಗೆ ನಿಮ್ಮಲ್ಲಿ ಪ್ರತಿಭೆಯಿಲ್ಲ ಎನ್ನುವಂಥದ್ದು. ನಮ್ಮ ಮಕ್ಕಳನ್ನು ಆ ಸಾಲಿಗೆ ಕಳಿಸೋಣ, ಗೆಲ್ಲುವಂತೆ ತಯಾರು ಮಾಡೋಣ. ಆದರೆ ಸೋತು ಬಂದ ಮಗುವನ್ನು ಮರುದಿನವೇ ಹೊಲಕ್ಕೆ ಅಟ್ಟುವುದು ಬೇಡ. ಪಟ್ಟಿಯಲ್ಲಿ ಬಂದವರ ಫೋಟೋ ದೇವಾಲಯದ ಗೋಡೆಗೆ ಹಾಕುವ ಅಭ್ಯಾಸವನ್ನೂ ನಾವು ಮೆಚ್ಚುವುದಿಲ್ಲ. ಬಾರದ ಮಗುವೂ ಅದೇ ಗೋಡೆಯ ಕೆಳಗೆ ಮೊಣಕಾಲೂರುತ್ತದೆ.

ಯೂನಿಯನ್ನು ಕೇಳಬೇಕಾದ್ದು ಎರಡು. 2017ರಿಂದ ಕದಲದೆ ನಿಂತಿರುವ 12,000ವನ್ನು ಏರಿಸಬೇಕು. ವಲಸೆಯ ಮಂಡಲಗಳಲ್ಲಿ ಸೀಸನಲ್ ಹಾಸ್ಟೆಲುಗಳನ್ನು ದಸರೆಗೆ ಮುಂಚೆಯೇ ತೆರೆಯಬೇಕು. ಜನ ಹೊರಟುಹೋದ ಮೇಲೆ ತೆರೆದ ಹಾಸ್ಟೆಲು ಯಾರಿಗೆ? ಕೂಟದ ಸದಸ್ಯರು ತಮ್ಮ ತಮ್ಮ ಊರಿನ ಶಾಲೆಗೆ ಹೋಗಿ ಏಳನೆಯ ಮತ್ತು ಎಂಟನೆಯ ತರಗತಿಯಲ್ಲಿರುವ ನಮ್ಮವರ ಮಕ್ಕಳ ಹೆಸರು, ಆಧಾರಿನಲ್ಲಿರುವ ಹೆಸರು, ಮನೆಯವರು ಸುಗ್ಗಿಗೆ ಹೋಗುವ ತಿಂಗಳು ಇವನ್ನು ಬರೆದುಕೊಂಡು ಮುಂದಿನ ತಿಂಗಳ ಸಭೆಗೆ ತರಬೇಕೆಂದು ಕೋರುತ್ತೇವೆ. ಹಳೆಯ ಪ್ರಶ್ನೆಪತ್ರಿಕೆಗಳು ಯಾರ ಮನೆಯಲ್ಲಾದರೂ ಇದ್ದರೆ ಅವನ್ನೂ ತನ್ನಿ, ಹರಿದಿದ್ದರೂ ಪರವಾಗಿಲ್ಲ.